ಪಳಗಿಸಿದ ಟಾಯರು

ಮೊನ್ನೆ ರಾಣೆಬೆನ್ನೂರಿಗೆ ಹೊಲಿಗೆ ದಾರ ತರಲು ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟೇಶನ್ನಿನ ದಾರಿಯಲ್ಲಿ ಟಾಯರು ಹಾಕುವ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತೆ. ಯಾವನೋ ಒಬ್ಬ ಹೊಸ ಡ್ರೈವರ್ ಟಾಯರು ರಿಮ್ಮಿಗೆ ಏರದೆ ಒದ್ದಾಡುತ್ತಿದ್ದ. "ಒಂದೀಟ ಎಣ್ಣಿ ಹಚ್ಚಲೇನು?" ಎಂದು ಅವನು ಕೇಳಿದ್ದೇ ತಡ, ಅಂಗಡಿಯವನು ಹಲ್ಲು ಕಿಸಿದು, "ಹಚ್ಚಪಾ, ಹಚ್ಚು. ಬ್ಯಾಡಗಿ ಎಣ್ಣಿ ಕೊಟ್ರ್ಯಾ ಹಚ್ಚಿ ಹೇಣ್ತಿನ್ನ ಮಣ್ಣಿಗಿ ಕಳಿಸಿದನಲ್ಲ, ಹಂಗ ಹಚ್ಚು" ಎಂದ. ಕೂತವರೆಲ್ಲ ನಕ್ಕರು.

ನನಗೆ ಅಂಗಾಲಿನಿಂದ ನೆತ್ತಿಯ ತನಕ ಉರಿಯಿತು. ಕೈಯಲ್ಲಿದ್ದ ದಾರದ ಪುಡಿಕೆಯನ್ನು ಅವನ ಮೋರೆಗೆ ಬೀಸಿ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ, ಎದ್ದು ಬಂದೆ. ಬಸ್ಸಿನಲ್ಲಿ ಬ್ಯಾಡಗಿ ಮುಟ್ಟುವ ತನಕ ಒಬ್ಬನೇ ಗೊಣಗುತ್ತ ಕೂತಿದ್ದೆ. ಪಕ್ಕದವನು ನನಗೆ ಜ್ವರ ಬಂದಿದೆ ಎಂದುಕೊಂಡು ಸರಿದು ಕೂತ.

ಕೊಟ್ರಪ್ಪ ಸತ್ತು ವರ್ಷವಾಗುತ್ತ ಬಂತು. ಅವನ ತಾಯಿ ಹೊಳಿಯವ್ವ ಅವನಿಗಿಂತ ಮೊದಲೇ ಹೋದಳು. "ನಮ್ಮವ್ವ ಇರೂತನಾ ಬಾಯಿ ಬಿಡಬ್ಯಾಡ ಅಣ್ಣಾಜಿ" ಎಂದು ನನ್ನ ಕೈ ಹಿಡಿದು ಹೇಳಿದ್ದ. ನಾನು ಬಿಡಲಿಲ್ಲ. ಈಗ ಆ ಮನೆಯಲ್ಲಿ ಯಾರೂ ಇಲ್ಲ, ನನಗೆ ಯಾರ ಮುಲಾಜೂ ಇಲ್ಲ. ಬ್ಯಾಡಗಿಯವರಾಗಲಿ ರಾಣೆಬೆನ್ನೂರಿನವರಾಗಲಿ, ಹಲ್ಲು ಕಿಸಿಯುವ ಮೊದಲು ಇದಿಷ್ಟನ್ನು ಕೇಳಿಕೊಳ್ಳಲಿ.

ಕೊಟ್ರಪ್ಪನ ಮನೆಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಅವನ ಅಪ್ಪ ಚಕ್ಕಡಿ ಹೊಡೆಯುತ್ತಿದ್ದ. ಪೇಟೆಯಿಂದ ಸ್ಟೇಶನ್ನಿಗೆ ಮೆಣಸಿನಕಾಯಿ ಚೀಲ ಸಾಗಿಸುವುದೇ ಆ ಮನೆಯ ಬದುಕು. ಅಪ್ಪ ತೀರಿದ ಮೇಲೆ ಕೊಟ್ರಪ್ಪನನ್ನು ಮೆಣಸಿನಕಾಯಿ ದಲಾಲಿ ವಿರೂಪಾಕ್ಷಪ್ಪ ಸಾಹುಕಾರರು ಚೀಲ ಹೊರಲು ಕರೆದುಕೊಂಡರು. ಆಮೇಲೆ ಅವರೇ ಮೋಟಾರು ಕೊಂಡಾಗ, ಎತ್ತುಗಳ ಮೇಲೆ ಕೈ ಎತ್ತದ ಹುಡುಗ ಮೋಟಾರನ್ನೂ ಚೆನ್ನಾಗಿ ನೋಡಿಕೊಂಡಾನು ಎಂದು ಇವನನ್ನೇ ಡ್ರೈವರ್ ಮಾಡಿದರು. ಅದೊಂದು ಮಾತ್ರ ಸಾಹುಕಾರರು ಸರಿಯಾಗಿ ಎಣಿಸಿದ್ದರು. ಮೋಟಾರಿಗೆ ಎಲ್ಲಿಯಾದರೂ ಒಂದು ಗೀರು ಬಿದ್ದರೆ ಅವತ್ತು ಇವನಿಗೆ ಊಟ ಸೇರುತ್ತಿರಲಿಲ್ಲ. ಮಾತು ಬಹಳ ಕಡಿಮೆ. ಒಂದು ಸಂಜೆ ಪೂರ್ತಿ ನನ್ನ ಅಂಗಡಿಯಲ್ಲಿ ಕೂತು "ಹೂಂ" ಎಂಬುದೊಂದನ್ನೇ ಹೇಳಿ ಎದ್ದು ಹೋಗುತ್ತಿದ್ದ.

ಅವನ ಪಾಲಿನ ಮಾತನ್ನೂ ಹೆಂಡತಿ ಮಂಗಳವ್ವ ಆಡಿಬಿಡುತ್ತಿದ್ದಳು. ಗುತ್ತಲದ ಕಡೆಯ ಹೆಣ್ಣು. ಗೋಡೆಯ ಆಚೆಯಿಂದಲೇ, "ಅಣ್ಣಾಜಿ ಅಣ್ಣಾರ, ನಿಮ್ಮ ಮಿಷನ್ ಇವತ್ತ ಮಕ್ಕೊಂಡೈತೇನು, ಸಪ್ಪಳನ ಇಲ್ಲ" ಎಂದು ಕೆಣಕುತ್ತಿದ್ದಳು. ಗಂಡನನ್ನಂತೂ ಬಿಡುತ್ತಲೇ ಇರಲಿಲ್ಲ. "ಇವರು ನನ್ನ ಮಾರಿ ನೋಡೋಕಿಂತಾ ಆ ಮೋಟಾರಿನ ಮಾರಿ ನೋಡಿದ್ದ ಜಾಸ್ತಿ" ಎನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಅವರ ನಗು ಕೇಳುತ್ತ ನಾನು ಎಷ್ಟು ಅಂಗಿ ಹೊಲಿದಿದ್ದೇನೋ ಲೆಕ್ಕವಿಲ್ಲ.

ಆದರೆ ಆ ಹೆಣ್ಣಿಗೆ ಹೆರಿಗೆ ಆಗಿ ಬರಲಿಲ್ಲ. ಮೊದಲನೆಯ ಕೂಸು ಹೊಟ್ಟೆಯಲ್ಲೇ ಸಿಕ್ಕಿಬಿದ್ದು ಹೋಯಿತು. ಎರಡನೆಯದೂ ಹಾಗೇ. ಎರಡನೆಯ ಸಲ ಅವಳೇ ಉಳಿದದ್ದು ದೊಡ್ಡದು. ಹಾವೇರಿಯ ದವಾಖಾನೆಯ ಡಾಕ್ಟರಬಾಯಿ ಕೊಟ್ರಪ್ಪನನ್ನು ಹೊರಗೆ ಕರೆದು ಸ್ಪಷ್ಟವಾಗಿ ಹೇಳಿದ್ದರು: ಇವಳ ಎಲುಬು ಕಿರಿದು, ಇನ್ನೊಮ್ಮೆ ಬಸಿರಾದರೆ ಮನೆಯಲ್ಲಿ ಹೆರಿಗೆ ಮಾಡಿಸಬೇಡ, ನೋವು ಶುರುವಾದ ಕೂಡಲೇ ಇಲ್ಲಿಗೆ ತಾ, ಹೊಟ್ಟೆ ಕೊಯ್ದು ಕೂಸು ತೆಗೆಯಬೇಕು, ತಡವಾದರೆ ತಾಯಿಯೂ ಇಲ್ಲ ಕೂಸೂ ಇಲ್ಲ. ಆ ಮಾತನ್ನು ಅವನು ಬಂದು ನನಗೆ ಹೇಳುವಾಗ ಗೋಡೆಗೆ ಕೈ ಊರಿ ನಿಂತಿದ್ದ.

ಮಂಗಳವ್ವ ಮೂರನೆಯ ಸಲ ಬಸಿರಾದದ್ದು ಯುದ್ಧದ ಕಾಲದಲ್ಲಿ. ಬರ್ಮಾ, ಮಲಾಯಾ ಎಲ್ಲ ಜಪಾನಿಯವರ ಕೈಗೆ ಹೋಗಿ ರಬ್ಬರು ಅನ್ನುವುದೇ ಮಾಯವಾಗಿತ್ತು. ಸಾಹುಕಾರರ ಮೋಟಾರಿನ ಟಾಯರುಗಳು ತೇಪೆಯ ಮೇಲೆ ತೇಪೆ ತಿಂದು ಕಡೆಗೆ ನಾರು ನಾರಾದವು. ಮೋಟಾರನ್ನು ನಾಲ್ಕು ಕಲ್ಲುಗಳ ಮೇಲೆ ಎತ್ತಿಟ್ಟು ಗೋಣಿತಟ್ಟು ಹೊದಿಸಿದರು. ಹೊಸ ಟಾಯರು ಬೇಕೆಂದರೆ ಧಾರವಾಡದ ಕಚೇರಿಯಿಂದ ಪರವಾನಗಿ ಬರಬೇಕು. ಸಾಹುಕಾರರಿಗೆ ಅವಸರವಿರಲಿಲ್ಲ. ಅವಸರವಿದ್ದದ್ದು ಕೊಟ್ರಪ್ಪನಿಗೆ. ರೈಲೇನೋ ಇತ್ತು. ಆದರೆ ಅದು ತನ್ನ ಹೊತ್ತಿಗೆ ಬರುತ್ತಿತ್ತು, ಅದೂ ಸೋಲ್ಜರುಗಳನ್ನು ತುಂಬಿಕೊಂಡು ಅರ್ಧ ದಿನ ತಡವಾಗಿ. ಹೆರಿಗೆ ನೋವಿಗೆ ರೈಲಿನ ಟೈಮು ಗೊತ್ತೇ? ದಿನ ತುಂಬುವ ಮೊದಲೇ ಅವಳನ್ನು ಮೋಟಾರಿನಲ್ಲಿ ಹಾವೇರಿಗೆ ಒಯ್ದು ದವಾಖಾನೆಯ ಸಮೀಪ ಒಂದು ಖೋಲಿಯಲ್ಲಿ ಇಟ್ಟುಬಿಡಬೇಕು ಎಂದು ಅವನು ಯೋಚನೆ ಮಾಡಿದ್ದ. ಸಾಹುಕಾರರೂ ಒಪ್ಪಿದ್ದರು. ಹೀಗಾಗಿ ಟಾಯರು ಬಂದರೆ ಹೆಂಡತಿ ಉಳಿದಳು, ಬರದಿದ್ದರೆ ಇಲ್ಲ ಎಂಬಷ್ಟಕ್ಕೆ ಅವನ ಜೀವ ನಿಂತಿತ್ತು.

ಪರವಾನಗಿ ಬಂತು. ಟಾಯರು, ಟ್ಯೂಬು ರಾಣೆಬೆನ್ನೂರಿಗೆ ಬಂದವು. ನಾಲ್ಕು ರಿಮ್ಮುಗಳನ್ನು ರೈಲಿಗೆ ಏರಿಸಿಕೊಂಡು ಕೊಟ್ರಪ್ಪ ಹೊರಟ. ಒಬ್ಬನಿಂದ ಆಗದ ಕೆಲಸ ಎಂದು ನಾನೂ ಹೋದೆ. ಟಾಯರು ಏರಿಸುವವನು ದಸ್ತಗೀರಸಾಬ ಎಂಬ ಹಿರಿಯ ಮನುಷ್ಯ. ಆ ಕಡೆಯ ಮೋಟಾರುಗಳೆಲ್ಲ ಅವನ ಕೈಯಿಂದಲೇ ಓಡುತ್ತಿದ್ದವು. ಟ್ಯೂಬಿಗೆ ಬಿಳಿಯ ಪುಡಿ ಬಳಿದು, ಟಾಯರಿನ ಅಂಚಿಗೆ ಸಾಬೂನಿನ ನೀರು ಸವರಿ, ಚಪ್ಪಟೆ ಕಬ್ಬಿಣದಿಂದ ಮೀಟಿ ಮೀಟಿ ಏರಿಸಿದ. ಕೊಟ್ರಪ್ಪ ಮದುವೆ ಮನೆಯಲ್ಲಿ ಕೂತವನ ಹಾಗೆ ಕಣ್ಣರಳಿಸಿ ನೋಡುತ್ತಿದ್ದ. ನಾನು ಅವನನ್ನು ಅಷ್ಟು ಸಂತೋಷದಲ್ಲಿ ಮತ್ತೆ ನೋಡಲಿಲ್ಲ.

"ಹೊಸಾ ಟಾಯರ ಹಾಕೀದಿ ಅಂತ ಹಾರ‍್ಯಾಡಬ್ಯಾಡ" ಎಂದ ದಸ್ತಗೀರಸಾಬ. "ಮ್ಯಾಲ ಈ ಸಣ್ಣ ಸಣ್ಣ ರಬ್ಬರ ಕೂದಲಾ ಕಾಣತಾವಲ್ಲ, ಇವು ಸವಿಯೂತನಾ ರಸ್ತಾದ ಮ್ಯಾಲ ಜಾರತೈತಿ. ಸ್ವಲ್ಪ ದೂರ ಹೋದಮ್ಯಾಲ ಇಳದು ನಟ್ಟ ಮತ್ತ ಬಿಗಿ ಮಾಡು. ಗಾಳಿ ಈಗ ಅರ್ಧಾ ತುಂಬೇನಿ, ರೈಲಿನ್ಯಾಗ ಬಿಸಲಿಗಿ ಕಾಯತೈತಿ. ಗಾಡಿಗಿ ಹಾಕಿದಮ್ಯಾಲ ಪೂರಾ ತುಂಬು. ಮದಲಿಗಿ ಸಾವಕಾಶ ಹೊಡಿ. ಹೊಸಾ ಟಾಯರ ಪಳಗಿಸಬೇಕು, ತಿಳೀತ?"

"ಪಳಗಿಸಬೇಕು" ಎಂದು ಕೊಟ್ರಪ್ಪ ಪಾಠ ಒಪ್ಪಿಸಿದ ಹಾಗೆ ಹೇಳಿದ.

ಹಾಳಾದ ಆ ಮಾತು ಅಲ್ಲೇ ಉಳಿದಿದ್ದರೆ ಆಗುತ್ತಿತ್ತು.

ಟಾಯರಿಗೆ ಆಗ ಕಳ್ಳರ ಕಾಟ. ಸಾಹುಕಾರರ ಮೋಟಾರು ನಿಂತಿದ್ದ ಛಪ್ಪರಕ್ಕೆ ಬಾಗಿಲಿರಲಿಲ್ಲ. ಹಾಗಾಗಿ ಗಾಲಿಗಳನ್ನು ಕೊಟ್ರಪ್ಪ ತನ್ನ ಮನೆಗೇ ತಂದ. ಹೊಳಿಯವ್ವ ಬಾಗಿಲಲ್ಲೇ ನಿಲ್ಲಿಸಿ, ದೃಷ್ಟಿ ತಾಗದ ಹಾಗೆ ನಾಲ್ಕಕ್ಕೂ ನೀರು ಇಳಿ ತೆಗೆದು, ಕುಂಕುಮ ಹಚ್ಚಿ ಒಳಗೆ ಕರೆದುಕೊಂಡಳು. ಆಗ ಅವಳಿಗೆ ಕಿವಿ ಸ್ವಲ್ಪ ಮಂದ, ಉಳಿದಂತೆ ಗಟ್ಟಿ ಮುದುಕಿ. ಸೊಸೆಯೆಂದರೆ ಜೀವ. ಎರಡು ಸಲ ಸೊಸೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳೇ. ಊರಲ್ಲಿ ಅತ್ತೆಯರ ಮೇಲೆ ಏನೇನೋ ಮಾತಿರುತ್ತವೆ. ಈ ಅತ್ತೆಯ ಮೇಲೆ ಒಂದು ಮಾತು ಆಡಿದರೂ ನಾನು ಸುಮ್ಮನಿರುವವನಲ್ಲ.

ಅವತ್ತು ನನ್ನದೂ ಊಟ ಅಲ್ಲೇ. ರೊಟ್ಟಿ ತಿನ್ನುತ್ತ ಕೊಟ್ರಪ್ಪ ಎಂದೂ ಇಲ್ಲದ ಹಾಗೆ ಮಾತಾಡಿದ. ಸೋಮವಾರ ಮಂಗಳವ್ವನನ್ನು ಹಾವೇರಿಗೆ ಒಯ್ಯುವುದು, ಖೋಲಿ ಗೊತ್ತು ಮಾಡಿದ್ದು, ಎಲ್ಲ ಹೇಳಿದ. ದಸ್ತಗೀರಸಾಬ ಏನೆಂದ ಎಂಬುದನ್ನೂ ಹೇಳಿದ.

"ಏನಂದಾ?" ಎಂದು ಹೊಳಿಯವ್ವ ಕಿವಿಗೆ ಕೈ ಇಟ್ಟುಕೊಂಡು ಕೇಳಿದಳು.

"ಹೊಸಾ ಟಾಯರ ಪಳಗಿಸಬೇಕಂತಬೇ ಯವ್ವಾ" ಎಂದು ಅವನು ಗಟ್ಟಿಯಾಗಿ ಹೇಳಿದ. ಮುದುಕಿ ತಲೆದೂಗಿದಳು. ಇದರಲ್ಲಿ ಅವಳಿಗೆ ತಿಳಿಯದ್ದೇನೂ ಇರಲಿಲ್ಲ.

ಪಳಗಿಸುವುದು ಎಂದರೆ ಡ್ರೈವರನಿಗೆ ಒಂದು, ಒಲೆಯ ಮುಂದೆ ಕೂತವಳಿಗೆ ಇನ್ನೊಂದು. ಎತ್ತನ್ನು ಪಳಗಿಸುವುದು ಹೊಡೆದು, ಅಂದರೆ ನಡೆಸಿ. ರೊಟ್ಟಿ ಹಂಚು ಪಳಗಿಸುವುದು ಎಣ್ಣೆ ಕುಡಿಸಿ. ಹೊಸ ಹಂಚಿಗೆ ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ, ಅದು ಸಾಕು ಅನ್ನುವ ತನಕ ಕುಡಿಸಿ ಅರಿವೆಯಿಂದ ಒರೆಸಿಡಬೇಕು. ಇಲ್ಲವಾದರೆ ಮೊದಲ ರೊಟ್ಟಿಗೇ ಬಿರುಕು ಬಿಡುತ್ತದೆ. ನಮ್ಮ ಕಡೆ ಯಾವ ಹೆಣ್ಣುಮಗಳನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಹೊಳಿಯವ್ವನಿಗಂತೂ ಚಕ್ಕಡಿಯ ಗಾಲಿಗೆ ಎಣ್ಣೆ ಹಾಕಿಯೇ ಕೈ ಪಳಗಿತ್ತು. ಮೊಮ್ಮಗುವನ್ನು ಹೊತ್ತ ಸೊಸೆ ಹೋಗುವ ಗಾಲಿ ಬಿರುಕು ಬಿಡಬಾರದು. ಅದಕ್ಕೆ ಅವಳು ಅಂಗಡಿಯ ಎಣ್ಣೆ ತರಲಿಲ್ಲ. ಬಾಣಂತನಕ್ಕೆಂದು ತಾನೇ ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ ತೆಗೆದಿಟ್ಟಿದ್ದ ಎಣ್ಣೆಯ ಗಡಿಗೆಯನ್ನು ನೆಲುವಿನಿಂದ ಇಳಿಸಿದಳು.

ಇದನ್ನು ಆಗ ನಾನು ನೋಡಲಿಲ್ಲ, ಕೊಟ್ರಪ್ಪನೂ ನೋಡಲಿಲ್ಲ. ಮರುದಿನ ಅವನು ಛಪ್ಪರದಲ್ಲಿ ಮೋಟಾರಿನ ಧೂಳು ಜಾಡಿಸುತ್ತಿದ್ದ, ನಾನು ಅಂಗಡಿಯಲ್ಲಿದ್ದೆ. ಮುದುಕಿಯ ಬಾಯಿಂದಲೇ ಎಷ್ಟೋ ಸಲ ಕೇಳಿದ್ದನ್ನು ಹೇಳುತ್ತಿದ್ದೇನೆ. ಗಾಲಿಗಳನ್ನು ಹಿತ್ತಲ ಬಿಸಿಲಿಗೆ ಮಲಗಿಸಿದಳು. ರಬ್ಬರಿಗೂ ಕಬ್ಬಿಣಕ್ಕೂ ನಡುವೆ ಸಂದು ಕಂಡಿತು. ಅರ್ಧ ಗಾಳಿಯ ಟಾಯರು, ಬೆರಳಿಂದ ಒತ್ತಿದರೆ ಸಂದು ಬಿಡುತ್ತಿತ್ತು. ಅಲ್ಲಿಯೇ ಬಿರುಕು ಬಿಡುವುದು ಎಂದುಕೊಂಡು ಆ ಸಂದಿಗೆ ಸುತ್ತಲೂ ಎಣ್ಣೆ ಹನಿಸಿದಳು. ಮಗ್ಗಲು ಬದಲಿಸಿ ಆ ಕಡೆಗೂ ಹನಿಸಿದಳು. ಕುಡಿಯುವಷ್ಟು ಕುಡಿಸಿ, ಹಳೆಯ ಸೀರೆಯ ತುಂಡಿನಿಂದ ಮೇಲೆಲ್ಲ ಚೊಕ್ಕಟವಾಗಿ ಒರೆಸಿಟ್ಟಳು. ಪಳಗಿಸಿದ್ದನ್ನು ಸಾರಿ ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಯಾರ ಮುಂದೆಯೂ ಆಡಲಿಲ್ಲ. ಸಂಜೆ ಬಂದ ಕೊಟ್ರಪ್ಪನಿಗೆ ಟಾಯರು ಮಿರಮಿರ ಮಿಂಚಿದ್ದು ಕಂಡಿತು. ಹೊಸದಲ್ಲವೇ ಎಂದುಕೊಂಡ. ಗಾಲಿಗಳನ್ನು ಮೋಟಾರಿಗೆ ಹಾಕಿ, ನಟ್ಟು ಬಿಗಿದು, ಪಂಪಿನಿಂದ ಗಾಳಿ ತುಂಬಿ, ರಾತ್ರಿ ಕಾವಲಿಗೆ ಛಪ್ಪರದಲ್ಲೇ ಮಲಗಿದ.

ಸೋಮವಾರದ ತನಕ ಕಾಯುವುದು ಆಗಲಿಲ್ಲ. ಶನಿವಾರ ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಮಂಗಳವ್ವ ಹಿಟ್ಟು ನಾದುವ ಕೊಣಮಿಗೆಯನ್ನು ಹಿಡಿದುಕೊಂಡು ಕೂತುಬಿಟ್ಟಳು. ನೋವು ಶುರುವಾಗಿತ್ತು.

ಕೊಟ್ರಪ್ಪ ಮೋಟಾರು ತಂದ. ಹಿಂದಿನ ಸೀಟಿನಲ್ಲಿ ಹೊಳಿಯವ್ವ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೈಗೆ ಒಬ್ಬರಿರಲಿ ಎಂದು ನಾನು ಮುಂದೆ ಏರಿದೆ. ಅವನ ಮುಖದಲ್ಲಿ ಹೆದರಿಕೆ ಇತ್ತು, ಆದರೆ ಧೈರ್ಯವೂ ಇತ್ತು. ಹೊಸ ಟಾಯರಿದ್ದವು, ಹಾವೇರಿಗೆ ಒಂದು ತಾಸಿನೊಳಗೆ ಮುಟ್ಟಬಹುದು, ಡಾಕ್ಟರಬಾಯಿ ಇದ್ದರು. ಮೋಟೆಬೆನ್ನೂರು ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ ಅವನು ಜೋರಾಗಿ ಬಿಟ್ಟ. ಟಾಯರು ಗುಂಯ್‌ಗುಡುತ್ತಿದ್ದವು. ನನಗೆ ನಿಜವಾಗಿ ಸಮಾಧಾನವಾಯಿತು.

ಎದುರಿಗೆ ಒಂದು ಚಕ್ಕಡಿ ಅಡ್ಡ ಬಂತು. ಕೊಟ್ರಪ್ಪ ಬ್ರೇಕು ಒತ್ತಿದ. ಚಕ್ಕಡಿ ಸರಿಯಿತು. ನಾವು ಮತ್ತೆ ಹೊರಡುವುದರೊಳಗೆ ಹಿಂದೆ ಬುಸ್ ಎಂದು ಗಾಳಿ ಹೋದ ಸಪ್ಪಳವಾಗಿ ಮೋಟಾರು ಎಡಕ್ಕೆ ವಾಲಿತು.

ಇಳಿದೆವು. ಗಾಳಿ ತುಂಬುವ ವಾಲು ರಿಮ್ಮಿನ ತೂತಿನಲ್ಲಿ ನೆಟ್ಟಗೆ ನಿಂತಿರಬೇಕು. ಅದು ಇರಲೇ ಇಲ್ಲ. ಟಾಯರು ರಿಮ್ಮಿನ ಮೇಲೆ ತಾನೇ ತಿರುಗಿ, ಒಳಗಿನ ಟ್ಯೂಬನ್ನು ಎಳೆದುಕೊಂಡು ಹೋಗಿ, ವಾಲನ್ನು ಬುಡದಿಂದ ಹರಿದುಹಾಕಿತ್ತು. ಕೊಟ್ರಪ್ಪ ಆ ತೂತಿಗೆ ಬೆರಳು ಹಾಕಿ ತೆಗೆದ. ಬೆರಳು ಮಿಂಚುತ್ತಿತ್ತು. ಮೂಗಿನ ಹತ್ತಿರ ಹಿಡಿದ. ಔಡಲೆಣ್ಣೆಯ ವಾಸನೆ ಯಾರಿಗೆ ಗೊತ್ತಾಗುವುದಿಲ್ಲ, ಅದೂ ಚಿಕ್ಕಂದಿನಿಂದ ಅದೇ ಎಣ್ಣೆಯಲ್ಲಿ ತಾಯಿ ಎರೆದು ಬೆಳೆಸಿದವನಿಗೆ. ಅವನು ಎದ್ದು ಉಳಿದ ಮೂರು ಗಾಲಿಗಳನ್ನು ಸುತ್ತಿ ನೋಡಿದ. ಮೂರರಲ್ಲೂ ವಾಲು ಓರೆಯಾಗಿತ್ತು.

"ಏನಾತೋ ಕೊಟ್ರಾ?" ಎಂದು ಹೊಳಿಯವ್ವ ಕಿಟಕಿಯಿಂದ ಕೇಳಿದಳು.

ಅವನು ಬೆರಳನ್ನು ಧೋತರಕ್ಕೆ ಒರೆಸಿಕೊಂಡ. "ಮುಳ್ಳ ಚುಚ್ಚೈತಬೇ ಯವ್ವಾ."

"ಹೊಸಾ ಗಾಲಿಗಿ ಮುಳ್ಳ ಹೆಂಗೋ? ನಾ ಪಳಗಿಸಿದ್ದೆನಲ್ಲೋ, ನಾಕೂ. ಬಾಣಂತಿ ಎಣ್ಣಿನ ಕುಡಿಸೇನಿ."

ನಾನು ಬಾಯಿ ತೆರೆದೆ. ಕೊಟ್ರಪ್ಪ ನನ್ನ ರಟ್ಟೆ ಹಿಡಿದ. ಆ ಹಿಡಿತದ ಗುರುತು ನಾಲ್ಕು ದಿನ ಇತ್ತು. "ಮುಳ್ಳಿಗೇನ ಗೊತ್ತಬೇ" ಎಂದ ತಾಯಿಗೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಇಕಿ ಹಡದು ಎದ್ದಮ್ಯಾಲ ಹೇಳೋಣು. ಈಗ ಬ್ಯಾಡ" ಎಂದ. ಆಗ ಇನ್ನೂ ಅವನಿಗೆ ಹಡೆದು ಏಳುತ್ತಾಳೆ ಎಂಬ ಆಸೆ ಇತ್ತು.

ಹಿಂದೆ ಕಟ್ಟಿದ್ದ ಹಳೆಯ ಸ್ಟೆಪ್ನಿ ಗಾಲಿಯನ್ನು ಹಾಕಿದೆವು. ಅದೊಂದೇ ಇದ್ದದ್ದು. ಇನ್ನು ಮೂರು ಗಾಲಿಗಳಲ್ಲಿ ಎಣ್ಣೆ. ಜೋರಾಗಿ ಹೊಡೆದರೆ, ಗಕ್ಕನೆ ಬ್ರೇಕು ಒತ್ತಿದರೆ ಟಾಯರು ಮತ್ತೆ ತಿರುಗುತ್ತದೆ, ವಾಲು ಹರಿಯುತ್ತದೆ. ಸಾವಕಾಶ ಹೊಡೆದರೆ ಹೊತ್ತು ಹೋಗುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಮಂಗಳವ್ವನ ಜೀವವೇ. ಅವನು ಸಾವಕಾಶವನ್ನು ಹಿಡಿದ. ಬ್ರೇಕಿನ ಮೇಲೆ ಕಾಲಿಡಲು ಅಂಜುತ್ತ, ಎತ್ತಿನ ಬಂಡಿಗಿಂತ ಒಂದಿಷ್ಟು ಮುಂದು ಎಂಬ ಹಾಗೆ ಹೊಡೆದ. ದಾರಿಯಲ್ಲಿ ಹೋಗುವ ಜನ ನಮ್ಮನ್ನು ತಿರುಗಿ ತಿರುಗಿ ನೋಡಿದರು.

ಹಿಂದಿನ ಸೀಟಿನಲ್ಲಿ ಮಂಗಳವ್ವ ನೋವು ಬಂದಾಗ ಹಲ್ಲು ಕಚ್ಚಿ ಹಿಡಿಯುತ್ತಿದ್ದಳು. ನೋವು ಇಳಿದಾಗ ಮಾತಾಡುತ್ತಿದ್ದಳು. ಅದು ಅವಳ ಸ್ವಭಾವ, ಅದನ್ನು ಯಾವ ನೋವೂ ಕಿತ್ತುಕೊಳ್ಳಲಿಲ್ಲ.

"ಅಣ್ಣಾಜಿ ಅಣ್ಣಾರ" ಎಂದಳು, ಉಸಿರು ಹಿಡಿದು ಹಿಡಿದು. "ನೋಡ್ರಿ ನಿಮ್ಮ ಗೆಳ್ಯಾನ್ನ. ಹೊಸಾ ಟಾಯರ ಸವೀತಾವಂತ ಸಾವಕಾಶ ಹೊಡ್ಯಾಕತ್ಯಾರ."

ಅವಳು ಅದನ್ನು ನಗುತ್ತಲೇ ಹೇಳಿದಳು. ಕೊಟ್ರಪ್ಪ ತಿರುಗಿ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಏನೆಂದು ಆಡಬೇಕು? ಕಾರಣ ಹೇಳಿದರೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಕೇಳುತ್ತಿತ್ತು. ದೇವರೆಂಬುವನು ಇದ್ದರೆ ಅವತ್ತು ಅವನು ಎಲ್ಲಿ ಹೋಗಿದ್ದ ಎಂದು ನಾನು ಈಗಲೂ ಕೇಳುತ್ತೇನೆ. ನನ್ನ ಹೆಂಡತಿ ಹಾಗೆಲ್ಲ ಅನ್ನಬೇಡಿ ಎನ್ನುತ್ತಾಳೆ. ಅವಳು ಆ ಮೋಟಾರಿನಲ್ಲಿ ಇರಲಿಲ್ಲ.

ಹಾವೇರಿ ಇನ್ನು ದೂರವಿಲ್ಲ ಅನ್ನುವಾಗ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತದೆ ಗತಿಯಿಲ್ಲ. ಅವನು ಎಷ್ಟು ಮೆತ್ತಗೆ ಒತ್ತಿದನೋ ನನಗೆ ಗೊತ್ತು. ಕೂಸಿನ ಎದೆಯ ಮೇಲೆ ಕೈಯಿಟ್ಟ ಹಾಗೆ ಒತ್ತಿದ. ಆದರೂ ಮುಂದಿನ ಬಲಗಾಲಿ ಬುಸ್ ಎಂದಿತು. ಮೋಟಾರು ಬಲಕ್ಕೆ ಎಳೆದು, ರಸ್ತೆ ಬಿಟ್ಟು, ಹಳ್ಳದ ಉಸುಕಿನಲ್ಲಿ ಹೂತು ನಿಂತಿತು.

ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಹೊಲದಲ್ಲಿದ್ದ ಯಾರದೋ ಚಕ್ಕಡಿಯನ್ನು ಕೈಮುಗಿದು ಹೊಡಿಸಿಕೊಂಡು ಬಂದ. ಮಂಗಳವ್ವನನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿದೆವು. ಆಗ ಅವಳ ಮಾತು ನಿಂತಿತ್ತು. ಹೊಳಿಯವ್ವ ಅವಳ ಕೈ ಉಜ್ಜುತ್ತಲೇ ಇದ್ದಳು. ಹಾವೇರಿಯ ಮನೆಗಳು ಕಾಣತೊಡಗಿದಾಗ ಮುದುಕಿ ಉಜ್ಜುವುದನ್ನು ಬಿಟ್ಟು, ಸೆರಗಿನಿಂದ ಸೊಸೆಯ ಮುಖ ಒರೆಸಿದಳು. ಅದನ್ನು ನೋಡಿ ನಮಗೆ ಗೊತ್ತಾಯಿತು. ಕೊಟ್ರಪ್ಪ ಚಕ್ಕಡಿಯ ಹಿಂದೆ ನಡೆಯುತ್ತಿದ್ದವನು ಹಾಗೇ ನಡೆಯುತ್ತ ಬಂದ. ದವಾಖಾನೆಯಲ್ಲಿ ಡಾಕ್ಟರಬಾಯಿ ಕೂಸಾದರೂ ಸಿಕ್ಕೀತೇ ಎಂದು ನೋಡಿದರು. ಅದೂ ಹೋಗಿತ್ತು. ಗಂಡುಕೂಸು.

ಮಣ್ಣು ಮಾಡಿ ಬಂದ ಮೇಲೆ ಸಾಹುಕಾರರು ಮೋಟಾರನ್ನು ಎಳೆಸಿ ತರಿಸಿ, ರಾಣೆಬೆನ್ನೂರಿನಿಂದ ದಸ್ತಗೀರಸಾಬನನ್ನು ಕರೆಸಿದರು. ಅವನು ಟಾಯರು ಬಿಚ್ಚಿ ಒಳಗೆ ಕೈಯಾಡಿಸಿ ಕೈಯನ್ನು ಎಲ್ಲರ ಮುಂದೆ ಹಿಡಿದ. "ಎಣ್ಣಿ. ನಾ ಸಾಬೂನಿನ ನೀರ ಹಾಕಿದ್ದು, ಅದ ಆರಿ ಹಿಡೀತೈತಿ. ಇದನ್ನ ಯಾರ ಹಾಕ್ಯಾರ? ಎಣ್ಣಿ ಹಾಕಿದ ಟಾಯರ ರಿಮ್ಮಿಗಿ ನಿಂದರತೈತೇನು?"

ಛಪ್ಪರದ ತುಂಬ ಜನ ನೆರೆದಿದ್ದರು. ನಾನು ಕೊಟ್ರಪ್ಪನ ಮುಖ ನೋಡಿದೆ.

"ನಾನ ಹಚ್ಚೇನ್ರಿ" ಎಂದ ಅವನು.

"ನೀನ? ಇಷ್ಟ ವರ್ಷ ಮೋಟಾರ ಹೊಡದಾಂವ, ಯಾಕ ಹಚ್ಚಿದಿ?"

"ಪಳಗಲಿ ಅಂತ ಹಚ್ಚಿದೆ."

ಯಾರೋ ಹಿಂದಿನಿಂದ ನಕ್ಕರು. ಹೆಂಡತಿಯ ಮಣ್ಣು ಇನ್ನೂ ಆರಿರಲಿಲ್ಲ, ನಕ್ಕರು. ಸಾಹುಕಾರರು ಅಲ್ಲಿಯೇ ಅವನನ್ನು ಕೆಲಸದಿಂದ ತೆಗೆದರು. ಅವತ್ತೇ ಅವನಿಗೆ ಎಣ್ಣಿ ಕೊಟ್ರಪ್ಪ ಎಂಬ ಹೆಸರು ಬಿತ್ತು. ಮನೆಗೆ ಬರುವ ದಾರಿಯಲ್ಲಿ ಅವನು ನನ್ನ ಕೈ ಹಿಡಿದು, ಬಾಯಿ ಬಿಡಬೇಡ ಎಂದ. "ಇಕಿ ಹೋದಳು. ನಮ್ಮವ್ವ ಇರಬೇಕಲ್ಲ, ಅಣ್ಣಾಜಿ. ಗೊತ್ತಾದ್ರ ಆಕಿ ಒಂದ ದಿನಾ ಇರಾಂಗಿಲ್ಲ."

ಊರಿನ ಬಾಯಿ ಮುಚ್ಚುವುದುಂಟೇ? ಹುಡುಗರು ಮನೆಯ ಮುಂದೆಯೇ "ಎಣ್ಣಿ ಕೊಟ್ರ್ಯಾ" ಎಂದು ಕೂಗುತ್ತಿದ್ದರು. ಎಷ್ಟೇ ಮಂದವಾದರೂ ಮುದುಕಿಯ ಕಿವಿಗೆ ಒಂದು ದಿನ ಅದು ಬಿದ್ದೇ ಬಿತ್ತು. "ನಿನ್ನ ಯಾಕ ಹಂಗ ಕರೀತಾರೋ?" ಎಂದು ಕೇಳಿದಳು. ಆ ಪ್ರಶ್ನೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ಮೊದಲೇ ಅವನು ಗಾಣಿಗೇರ ಓಣಿಯಲ್ಲಿ ಗಾಣದ ಎತ್ತು ಹೊಡೆಯುವ ಕೆಲಸಕ್ಕೆ ಸೇರಿದ್ದ.

"ಗಾಣದಾಗ ದುಡೀತೇನಲ್ಲಬೇ, ಅದಕ್ಕ" ಎಂದ.

ಜನ ಇದನ್ನು ಕಂಡು ಇನ್ನೂ ನಕ್ಕರು. ಎಣ್ಣೆಯ ರುಚಿ ಬಿಡಲಿಲ್ಲ ನೋಡು ಎಂದರು. ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ ಅವನಿಗೆ ಬೇರೆ ಕೆಲಸ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಕುಮಾರಪಟ್ಟಣದ ಕಡೆ ಹೊಳೆಯ ದಂಡೆಯಲ್ಲಿ ಒಬ್ಬರು ಪಂಪಿನ ಎಂಜಿನು ನೋಡಿಕೊಳ್ಳಲು ಬಾ ಎಂದೂ ಕರೆದಿದ್ದರು. ಅವನು ಹೋಗಲಿಲ್ಲ. ಆ ಹೆಸರಿಗೆ ತಾಯಿಯ ಮುಂದೆ ಒಂದು ಕಾರಣ ಬೇಕಾಗಿತ್ತು, ಅದಕ್ಕಾಗಿ ಮೋಟಾರು ಹೊಡೆದ ಮನುಷ್ಯ ಎತ್ತಿನ ಹಿಂದೆ ಇದ್ದಲ್ಲೇ ಸುತ್ತಿದ. ದಿನವೂ ಸಂಜೆ ಮೈತುಂಬ ಎಣ್ಣೆಯ ವಾಸನೆ ಹೊತ್ತು ಬಂದು ನನ್ನ ಅಂಗಡಿಯಲ್ಲಿ ಕೂರುತ್ತಿದ್ದ. "ಹೂಂ" ಎನ್ನುವುದನ್ನೂ ಬಿಟ್ಟಿದ್ದ. ಗೋಡೆಯ ಆಚೆ ನಗುವೂ ಇರಲಿಲ್ಲ. ನಾನು ಮಿಷನ್ ತುಳಿಯುತ್ತಿದ್ದೆ, ಅವನು ನೆಲ ನೋಡುತ್ತಿದ್ದ.

ಯುದ್ಧ ಮುಗಿಯಿತು. ಟಾಯರು ಮತ್ತೆ ಅಂಗಡಿಗೆ ಬಂದವು. ಹೊಳಿಯವ್ವ ಹಾಸಿಗೆ ಹಿಡಿದಳು. ಅವಳ ಕಡೆಯ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ನೋಡಿಕೊಂಡು ಬರಲು ಹೋಗಿದ್ದೆ. ಕೊಟ್ರಪ್ಪ ತಾಯಿಯ ಕಾಲು ಬುಡದಲ್ಲಿ ಕೂತು ಅಂಗಾಲಿಗೆ ಔಡಲೆಣ್ಣೆ ತಿಕ್ಕುತ್ತಿದ್ದ. ಮುದುಕಿ ಸೂರು ನೋಡುತ್ತ ಮಲಗಿದ್ದಳು.

"ಕೊಟ್ರಾ" ಎಂದಳು. "ನನಗ ಒಂದ ಮನಸಿನ್ಯಾಗ ಕೊರೀತೈತೋ. ಅವತ್ತ ಗಡಿಗ್ಯಾಗ ಇನ್ನೂ ಎಣ್ಣಿ ಇತ್ತು. ಬಾಣಂತನಕ್ಕ ಬೇಕಾಗತೈತಿ ಅಂತ ಹಿಂದ ಇಟ್ಟೆ. ಪೂರಾ ಕುಡಿಸಿದ್ರ ಗಾಲಿ ಪಳಗತಿದ್ವೇನೋ. ಮಂಗಳಿ ಉಳೀತಿದ್ಲೇನೋ. ನಾ ಹಿಂದ ಇಟ್ಟೆ ನೋಡು."

ಕೊಟ್ರಪ್ಪನ ಕೈ ನಿಂತಿತು. ನಾನು ಅಲ್ಲಿ ನಿಲ್ಲಲಾಗದೆ ಬಾಗಿಲ ಕಡೆ ಮುಖ ತಿರುಗಿಸಿದೆ. ಅವನು ಎಣ್ಣೆ ಅದ್ದಿಕೊಂಡು ಮತ್ತೆ ತಿಕ್ಕತೊಡಗಿದ.

"ಇಲ್ಲಬೇ ಯವ್ವಾ" ಎಂದ. "ನೀ ಹಚ್ಚಿದ್ದು ಬರೋಬರಿ ಇತ್ತು."